ಎಡಬಲದ ಪರದೆಗಳು

ಡುಲೂತ್, ಮಿನೆಸೋಟ
ನವೆಂಬರ್ ೧೪, ಗುರುವಾರ ಬೆಳಗ್ಗೆ

ಪ್ರೀತಿಯ ಆರ್ನೆ,

ನಿನ್ನ ಮಂಡಿ ಹೇಗಿದೆ? ಹಡಗಿನ ಆ ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಿಳಿಯುವಾಗ ನಾನು ಕೊಟ್ಟ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ ಇಲ್ಲವೋ ಎಂಬುದೇ ನನ್ನ ಚಿಂತೆ. ಎಣ್ಣೆ ಸಿಡಿದ ಕೈ ವಾಸಿಯಾಯಿತೆ? ಹೋದ ವಾರ ಫೋನಿನಲ್ಲಿ ಕೇಳಿದಾಗ "ಆಯ್ತು ಆಯ್ತು" ಎಂದು ತೇಲಿಸಿಬಿಟ್ಟೆ. ನೀನು ಎರಡು ಸಲ ಆಯ್ತು ಅಂದರೆ ಆಗಿಲ್ಲ ಎಂದೇ ಅರ್ಥ. ಇಲ್ಲಿ ಸರೋವರ ಈ ವಾರವೆಲ್ಲ ಕೆರಳಿ ನಿಂತಿದೆ. ಮೊನ್ನೆ ಅಲೆ ದಂಡೆಯ ಕಲ್ಲುಗಳನ್ನು ದಾಟಿ ರಸ್ತೆಗೇ ನೀರು ಎರಚಿ ಹೋಯಿತು. ಅತ್ತೆ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದು, "ಅವನು ಒಲೆ ಮುಂದೆ ಬೆಚ್ಚಗಿರ್ತಾನೆ, ನಡುಗೋರು ನಾವು" ಎಂದು ತಮಗೆ ತಾವೇ ಹೇಳಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಮಗನ ಮೇಲಿನ ಪ್ರೀತಿಯನ್ನು ನಿನ್ನ ಅಮ್ಮ ಯಾವತ್ತೂ ಬೈಗುಳದಲ್ಲಿ ಸುತ್ತಿಯೇ ಕೊಡುವವರು, ನಿನಗೆ ಹೊಸದೇನಲ್ಲ. ಅವರ ರಕ್ತದೊತ್ತಡ ಈಗ ಹದಕ್ಕೆ ಬಂದಿದೆ. ನಾಲಿಗೆ ಮಾತ್ರ ಬಂದಿಲ್ಲ.

ಡೆಟ್ರಾಯಿಟ್ ನದಿಯಲ್ಲಿ ಟಪಾಲು ದೋಣಿಯವರು ಈ ಪತ್ರವನ್ನು ಬಕೆಟ್ಟಿಗೆ ಹಾಕಿ, ನಿಮ್ಮ ಹುಡುಗರು ಹಗ್ಗ ಹಿಡಿದು ಮೇಲಕ್ಕೆಳೆದುಕೊಂಡು, ನಿನ್ನ ಹಿಟ್ಟಿನ ಕೈಗೆ ಕೊಡುವ ಹೊತ್ತಿಗೆ ಇನ್ನೂ ಒಂದಷ್ಟು ದಿನ ಆಗಿರುತ್ತದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಫೋನು ಮಾಡಿದಾಗೆಲ್ಲ ನಿನ್ನ ಹಿಂದೆ ಪಾತ್ರೆಗಳ ಸದ್ದು, ಯಾರೋ ಕಾಫಿ ಕೇಳುವ ದನಿ, ದಂಡೆ ದೂರವಾದರೆ ಮಾತು ನಡುವೆಯೇ ಕತ್ತರಿಸಿ ಹೋಗುತ್ತದೆಂಬ ಅವಸರ. ನೀನು "ಹೇಗಿದ್ದೀಯ" ಎಂದ ತಕ್ಷಣ ನನ್ನ ಬಾಯಿಂದ "ಚೆನ್ನಾಗಿದ್ದೀನಿ" ಎಂದು ತಾನಾಗಿಯೇ ಬಂದುಬಿಡುತ್ತದೆ. ಕಾಗದದ ಮುಂದೆ ಕೂತರೆ ಹಾಗಾಗುವುದಿಲ್ಲ. ಅಡುಗೆಮನೆಯ ಮೇಜಿನ ಮೇಲೆ, ಅತ್ತೆ ಸ್ನಾನಕ್ಕೆ ಹೋಗಿರುವಾಗ ಬರೆಯುತ್ತಿದ್ದೇನೆ. ಸಾಲು ಅಲ್ಲಲ್ಲಿ ಓರೆಯಾಗಿದ್ದರೆ ತಿದ್ದಿಕೊಂಡು ಓದು.

ನೀನು ಮಾರ್ಚ್‌ನಲ್ಲಿ ಹಡಗು ಹತ್ತಿದಾಗ ನಾನಿನ್ನೂ ಗ್ಯಾಸ್ ಕಂಪನಿಯ ಕಚೇರಿಗೇ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಅವರು ಆ ಕಟ್ಟಡ ಖಾಲಿ ಮಾಡಿ, ಮನೆಮನೆಗೆ ಗ್ಯಾಸ್ ಲಾರಿ ಕಳಿಸುವ ನಮ್ಮಂಥವರಿಗೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದದ್ದು ನಿನಗೆ ಬರೆದಿದ್ದೆ. ಒಂದು ಲ್ಯಾಪ್‌ಟಾಪು, ಎರಡು ದೊಡ್ಡ ಮಾನಿಟರು, ಅವನ್ನೆಲ್ಲ ಒಂದಕ್ಕೊಂದು ಸೇರಿಸುವ ಪುಟ್ಟ ಡಬ್ಬಿ, ಗಂಟುಗಂಟಾದ ಕೇಬಲ್ಲುಗಳು. ಹೊಲಿಗೆ ಕೋಣೆಯಲ್ಲಿ ಇನ್ನೆಲ್ಲಿ ಜಾಗ? ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ, ಲ್ಯಾಪ್‌ಟಾಪನ್ನು ನಡುವೆ ಇಟ್ಟು, ಮಾನಿಟರುಗಳನ್ನು ಎಡಕ್ಕೊಂದು ಬಲಕ್ಕೊಂದು ನನ್ನ ಕಡೆ ಬಾಗಿಸಿ ನಿಲ್ಲಿಸಿದೆ, ಬಟ್ಟೆ ಅಂಗಡಿಯ ಮೂರು ಮಡಿಕೆಯ ಕನ್ನಡಿಯ ಹಾಗೆ. ಕೋಣೆ ಇಕ್ಕಟ್ಟು, ಹಾಗಾಗಿ ಎರಡೂ ಹೆಚ್ಚುಕಡಿಮೆ ನನ್ನ ಕಿವಿಗಳ ಪಕ್ಕಕ್ಕೇ ಬಂದು ಕೂತವು. ನಡುವಿನ ಪರದೆಯಲ್ಲಿ ಚಾಲಕರ ಮಾತುಕತೆ, ಬಲಗಡೆ ಲಾರಿಗಳು ಓಡಾಡುವ ನಕ್ಷೆ, ಎಡಗಡೆ ಗಿರಾಕಿಗಳ ಸಾಲು. ಯಾರ ಮನೆಯ ಟ್ಯಾಂಕು ಪೂರ್ತಿ ಬರಿದಾಗಿದೆಯೋ ಅವರ ಹೆಸರು ಎಡಗಡೆಯ ತೀರಾ ಅಂಚಿನಲ್ಲಿ ಕೆಂಪಾಗಿ ಮಿನುಗುತ್ತದೆ. ಮೊದಲ ದಿನ ಮೌಸಿನ ಬಾಣವನ್ನು ಎಡಕ್ಕೆ ಎಳೆದರೆ ಅದು ಬಲಗಡೆಯ ಪರದೆಯಿಂದ ಇಣುಕಿತು. ಯಾವ ಮಾನಿಟರು ಯಾವ ಪಕ್ಕ ಇದೆ ಎಂದು ನಾವು ಕಂಪ್ಯೂಟರಿಗೆ ಹೇಳಿಕೊಡಬೇಕಂತೆ. ನಮ್ಮ ಮೇಲ್ವಿಚಾರಕಿ ಡೋರೀನ್ ಫೋನಿನಲ್ಲೇ ಹೇಳಿಕೊಟ್ಟಳು. ಆಮೇಲೆ ಒಂದೆರಡು ತಿಂಗಳು ನಾನು ವಿಮಾನ ನಡೆಸುವವಳ ಹಾಗೆ ಗತ್ತಿನಲ್ಲಿ ಕೂತು ಕೆಲಸ ಮಾಡಿದೆ. ಅತ್ತೆ ಬಾಗಿಲಲ್ಲಿ ನಿಂತು, "ಒಂದು ತಲೆಗೆ ಇಷ್ಟೊಂದು ಟೀವಿ ಯಾಕೆ" ಎಂದು ಕೇಳಿ ಹೋಗುತ್ತಿದ್ದರು.

ಸೆಪ್ಟೆಂಬರ್ ಹೊತ್ತಿಗೆ ಬಾಣ ಕಳೆದುಹೋಗಲು ಶುರುವಾಯಿತು. ನಡುವಿನ ಪರದೆಯಿಂದ ಎಡಕ್ಕೆ ಕಳಿಸುತ್ತೇನೆ, ಅಲ್ಲಿ ಇರುವುದಿಲ್ಲ. ಮೌಸು ಹಿಡಿದು ಅಲ್ಲಾಡಿಸಿದರೂ ಇಲ್ಲ. ಕುತ್ತಿಗೆ ಪೂರ್ತಿ ತಿರುಗಿಸಿದರೆ ಅಲ್ಲೇ ಇರುತ್ತದೆ, ನನ್ನನ್ನು ಆಡಿಸುವ ಹಾಗೆ. ಮಾನಿಟರು ಹಾಳಾಗಿದೆ ಎಂದುಕೊಂಡೆ. ಕೇಬಲ್ಲು ಬದಲಿಸಿದೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ನೋಡಿದೆ, ಬಗ್ಗಿ ಎದ್ದು ಸೊಂಟ ಹಿಡಿದುಕೊಂಡದ್ದೇ ಬಂತು. ಬಲಗಡೆಯಿಂದ ಬಂದ ಮಾನಿಟರೂ ಎಡಗಡೆ ಅದೇ ಆಟ ಆಡಿತು. ಬೆಳಕು ಹೆಚ್ಚಿಸಿದೆ, ಅಕ್ಷರ ದೊಡ್ಡದು ಮಾಡಿದೆ, ಬಾಣವನ್ನು ಹಳದಿ ಬಣ್ಣದ ದಪ್ಪ ಬಾಣ ಮಾಡಿಕೊಂಡೆ. ಡೋರೀನ್ ಬೇಸರಿಸದೆ ಹೊಸ ಜೋಡಿ ಕಳಿಸಿಕೊಟ್ಟಳು. ಹೊಸವೂ ಹಾಗೇ. ಅಷ್ಟರಲ್ಲಿ ನನಗೆ ಸುಸ್ತು ಎಂಬುದು ಮೈಗೆ ಅಂಟಿಕೊಂಡುಬಿಟ್ಟಿತ್ತು, ಆರ್ನೆ. ಅದು ದುಡಿದ ಮೇಲೆ ಬರುವ ಸುಸ್ತಲ್ಲ. ಎದ್ದ ಕೂಡಲೇ ಬರುವ ಸುಸ್ತು. ಹಲ್ಲುಜ್ಜಿ ಬಂದು ಮಂಚದ ಅಂಚಿನಲ್ಲಿ ಸ್ವಲ್ಪ ಕೂತರೆ ಮತ್ತೆ ಏಳಲು ಮನಸ್ಸಿಗೂ ಆಗುತ್ತಿರಲಿಲ್ಲ, ಕಾಲಿಗೂ ಆಗುತ್ತಿರಲಿಲ್ಲ. ಹಣೆಯ ಹಿಂದೆ ಸದಾ ಒಂದು ಭಾರ. ವಯಸ್ಸು ಎಂದುಕೊಂಡೆ. ಚಳಿ ಬರುತ್ತಿದೆ ಎಂದುಕೊಂಡೆ. ದಿನವಿಡೀ ಮೂರು ಪರದೆಗಳ ಬೆಳಕು ಮುಖಕ್ಕೆ ಹೊಡೆಸಿಕೊಂಡರೆ ಇನ್ನೇನಾದೀತು ಎಂದುಕೊಂಡೆ. ಸಾರು ಒಲೆಯ ಮೇಲಿಟ್ಟು ಪಕ್ಕದ ಕುರ್ಚಿಯಲ್ಲೇ ನಿದ್ದೆ ಹೋದ ದಿನ ಅತ್ತೆ ಒಲೆ ಆರಿಸಿ, ತಟ್ಟೆಗೆ ಬಡಿಸಿ, ಆಮೇಲೆ ನನ್ನನ್ನು ಎಬ್ಬಿಸಿದರು. ಅವರು ಬೈಯದೇ ಇದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಅಕ್ಟೋಬರ್ ಕೊನೆಯಲ್ಲಿ ಮೊದಲ ಗಟ್ಟಿ ಚಳಿ ಬಿದ್ದ ಬೆಳಗ್ಗೆ ಆದದ್ದನ್ನು ಹೇಳಬೇಕು. ಕಾಡಿನ ಅಂಚಿನ ಆ ಹಳೆಯ ಶಾಲಾ ಶಿಕ್ಷಕಿ ಮಿಸೆಸ್ ಹಾಗ್‌ಲಂಡ್ ನಿನಗೂ ನೆನಪಿರಬೇಕು, ಚರ್ಚಿನ ಊಟದಲ್ಲಿ ನಿನ್ನ ಮೀನಿನ ಸಾರನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡವರು. ಅವರ ಟ್ಯಾಂಕು ಬರಿದಾಗಿತ್ತು, ಮನೆ ಬೆಚ್ಚಗಿಡಲು ಗ್ಯಾಸಿರಲಿಲ್ಲ. ಬೆಳಗ್ಗೆಯೇ ಕಂಪನಿಗೆ ಫೋನು ಮಾಡಿದ್ದರು, ಮತ್ತೆ ಮಾಡಿದ್ದರು. ಎರಡು ಸಲವೂ ಅವರ ಹೆಸರು ನನ್ನ ಎಡಗಡೆಯ ಪರದೆಯಲ್ಲಿ ಕೆಂಪಾಗಿ ಮಿನುಗುತ್ತಿತ್ತು. ನಾನು ಅದರ ಪಕ್ಕದಲ್ಲೇ ಕೂತಿದ್ದೆ. ಎದ್ದು ಹೋಗಿರಲಿಲ್ಲ, ತೂಕಡಿಸಿರಲಿಲ್ಲ, ಎಂದಿಗಿಂತ ಹುಷಾರಾಗಿ ಕೆಲಸ ಮಾಡುತ್ತಿದ್ದೆ ಎಂದೇ ನನ್ನ ಭಾವನೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಲಾರಿ ಚಾಲಕ ಬಾಯ್ಡ್ ಬೇರೆ ಮನೆಗೆ ಗ್ಯಾಸ್ ತುಂಬಲು ಆ ದಾರಿಯಲ್ಲಿ ಹೋಗುವಾಗ ಅವರ ಅಂಗಳದಲ್ಲಿ ಕಾರು ಹೊಗೆಯಾಡುತ್ತಾ ನಿಂತದ್ದನ್ನು ಕಂಡನಂತೆ. ಒಳಗೆ ಆ ಮುದುಕಿ ಕೋಟಿನ ಮೇಲೆ ಕೋಟು ಹಾಕಿಕೊಂಡು, ತೊಡೆಯ ಮೇಲೆ ಬೆಕ್ಕನ್ನು ಇಟ್ಟುಕೊಂಡು, ಕಾರಿನ ಹೀಟರಿನ ಬಿಸಿಗೆ ಕೂತಿದ್ದರು. ಬೆಳಗ್ಗೆಯಿಂದ ಹಾಗೇ. ಪೆಟ್ರೋಲು ಮುಗಿಯುತ್ತಾ ಬಂದಿತ್ತು. ಅವನನ್ನು ಕಂಡು, "ತುಂಬಾ ಕೆಲಸ ಇರ್ಬೇಕು ನಿಮಗೆಲ್ಲ, ಪರವಾಗಿಲ್ಲಪ್ಪ" ಅಂದರಂತೆ.

ಬಾಯ್ಡ್ ಲಾರಿಯಿಂದಲೇ ನನಗೆ ಫೋನು ಮಾಡಿದ. ಅವನ ಬಾಯಿ ನಿನಗೆ ಗೊತ್ತೇ ಇದೆ. "ಏನು ಮಾರಾಯ್ತಿ, ಮೂರು ಮೂರು ಪರದೆ ಇಟ್ಕೊಂಡು ಸಿನಿಮಾ ನೋಡ್ತಾ ಕೂತಿದ್ಯಾ? ಆ ಯಮ್ಮ ಇಲ್ಲಿ ಬೆಕ್ಕು ತಬ್ಕೊಂಡು ಸಾಯ್ತಾ ಇದಾರೆ" ಎಂದ. ನಾನು ಕುತ್ತಿಗೆ ತಿರುಗಿಸಿದೆ. ಹೆಸರು ಮಿನುಗುತ್ತಲೇ ಇತ್ತು. ಅಷ್ಟರಲ್ಲಿ ಅವನೇ ದನಿ ತಗ್ಗಿಸಿದ. "ಆಯ್ತು ಬಿಡು, ತುಂಬಿಸ್ತಾ ಇದೀನಿ. ಅಳ್ತಾ ಇದ್ಯಾ? ಅಳ್ಬೇಡ, ನಾನು ಬೈದಿದ್ದು ಪರದೆಗೆ" ಎಂದ. ನಾನು ಅಳುತ್ತಿರಲಿಲ್ಲ. ಆ ಕೆಂಪು ಹೆಸರನ್ನು ನೋಡುತ್ತಿದ್ದೆ. ಮುಖವನ್ನು ಸ್ವಲ್ಪ ನಡುವಿಗೆ ತಿರುಗಿಸಿದರೆ ಅದು ಹೋಗುತ್ತಿತ್ತು, ಮತ್ತೆ ತಿರುಗಿಸಿದರೆ ಬರುತ್ತಿತ್ತು. ಹಾಗೆ ಹೋಗುವಾಗ ಆ ಜಾಗ ಕಪ್ಪಾಗುತ್ತಿರಲಿಲ್ಲ, ಮಬ್ಬೂ ಆಗುತ್ತಿರಲಿಲ್ಲ. ಆ ಜಾಗವೇ ಇಲ್ಲದ ಹಾಗೆ ಆಗುತ್ತಿತ್ತು.

ಮರುದಿನ ಎರಡೂ ಮಾನಿಟರುಗಳ ತಂತಿ ಕಿತ್ತು ಗೋಡೆಗೆ ಮುಖಮಾಡಿ ನಿಲ್ಲಿಸಿದೆ. ಲ್ಯಾಪ್‌ಟಾಪಿನ ಪುಟ್ಟ ಪರದೆಯೊಂದರಲ್ಲೇ ಎಲ್ಲವನ್ನೂ ತೆರೆದು ಮುಚ್ಚಿ, ತೆರೆದು ಮುಚ್ಚಿ ಕೆಲಸ ಮಾಡಿದೆ. ನಿಧಾನವಾಯಿತು, ತಪ್ಪು ಮಾತ್ರ ನಿಂತುಹೋಯಿತು. ಒಂದು ಹೆಸರೂ ಕೈತಪ್ಪಲಿಲ್ಲ. ಡೋರೀನ್ ನಿರಾಳವಾದಳು. "ನೋಡಿದ್ಯಾ, ನಾನು ಹೇಳ್ಲಿಲ್ವಾ, ಆ ಡಬ್ಬೀದೇ ದೋಷ. ಇನ್ನೊಂದು ಕಳಿಸ್ತೀನಿ" ಎಂದಳು. ನನಗೂ ಅದೇ ಬೇಕಾಗಿತ್ತು. ದೋಷ ಡಬ್ಬಿಯದಾದರೆ ಹೊಸ ಡಬ್ಬಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಆ ವಾರ ನಾನು ಹಗುರವಾಗಿದ್ದೆ ಎಂದರೆ ಸುಳ್ಳಲ್ಲ. ನಿನ್ನ ಜೊತೆ ಫೋನಿನಲ್ಲಿ ನಕ್ಕದ್ದು ಆ ವಾರವೇ.

ಒಪ್ಪದವರು ಅತ್ತೆ. ಭಾನುವಾರ ಇಬ್ಬರೂ ಇಸ್ಪೀಟು ಆಡಲು ಕೂತಿದ್ದೆವು. ಅವರು ಪಕ್ಕದಿಂದ ಜರುಗಿಸಿದ ಕಾಫಿ ಲೋಟ ನನ್ನ ಮೊಣಕೈಗೆ ತಗಲಿ ಚೆಲ್ಲಿತು. ಅದು ಆ ವಾರ ಮೊದಲನೆಯ ಸಲವಲ್ಲ. ಅತ್ತೆ ಬಟ್ಟೆ ತಂದು ಒರೆಸಿ, ಎಲೆಗಳನ್ನು ಜೋಡಿಸಿಟ್ಟು, ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು. "ಒಂದು ಕಣ್ಣು ಮುಚ್ಚು" ಎಂದರು. ಬಲಗಣ್ಣು ಮುಚ್ಚಿದೆ. "ನನ್ನ ಮೂಗೇ ನೋಡು. ಆಚೀಚೆ ನೋಡ್ಬೇಡ." ನೋಡಿದೆ. "ನನ್ನ ಕೈಯಲ್ಲಿ ಏನಿದೆ?" ಯಾವ ಕೈ ಎಂದು ಕೇಳಿದೆ. ನಾನು ಮುಖ ತಿರುಗಿಸಿ ನೋಡಿದರೆ ಎಡಗಡೆ ನನ್ನ ಕೆನ್ನೆಯ ಹತ್ತಿರವೇ ದೊಡ್ಡ ಸಾರಿನ ಸೌಟು ಹಿಡಿದು ಅಲ್ಲಾಡಿಸುತ್ತಿದ್ದರು. ಇನ್ನೊಂದು ಕಣ್ಣಿಗೆ ಬಲಗಡೆ ಅದೇ ಕತೆ. ಅತ್ತೆ ಸೌಟನ್ನು ಮೇಜಿನ ಮೇಲಿಟ್ಟರು. "ನಮ್ಮಪ್ಪನ ಗಾಡಿ ಕುದುರೆಗೆ ಕಣ್ಣಿನ ಪಕ್ಕ ಚರ್ಮದ ಪಟ್ಟಿ ಕಟ್ತಿದ್ರು, ಹಾಗಿದೀಯ ನೀನು. ಟೀವಿ ಸರಿಯಾಗೇ ಇದೆ ಮಗಳೇ" ಎಂದರು. ಇಷ್ಟು ವರ್ಷದಲ್ಲಿ ನನ್ನನ್ನು ಮಗಳೇ ಎಂದು ಕರೆದದ್ದು ನನಗಂತೂ ನೆನಪಿಲ್ಲ. ಆಮೇಲೆ, "ನಾಳೆ ನೀನು ಕಾರು ಮುಟ್ಟಿದ್ರೆ ಕೈ ಮುರೀತೀನಿ" ಎಂದೂ ಹೇಳಿದರು, ಅದು ಬಿಡು.

ಕಣ್ಣಿನ ಡಾಕ್ಟರ ಹತ್ತಿರ ಬಾಯ್ಡೇ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಬೈದದ್ದಕ್ಕೆ ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ ಹವಾಮಾನದ ಬಗ್ಗೆಯೇ ಮಾತಾಡಿದ. ಅಲ್ಲಿ ಒಂದು ಬಿಳಿ ಬಟ್ಟಲಿನೊಳಗೆ ಮುಖವಿಟ್ಟು ಕೂರಬೇಕು. ಒಂದು ಕಣ್ಣು ಕಟ್ಟುತ್ತಾರೆ. ಬಟ್ಟಲಿನ ನಡುವೆ ದೃಷ್ಟಿ ಇಟ್ಟುಕೊಂಡು, ಎಲ್ಲಾದರೂ ಚುಕ್ಕಿ ಬೆಳಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಶುರುವಿನಲ್ಲಿ ಚುಕ್ಕಿಗಳು ಬಂದವು, ಒತ್ತಿದೆ. ಆಮೇಲೆ ಬರಲಿಲ್ಲ. ಯಂತ್ರ ನಿಂತಿರಬೇಕೆಂದು ಸುಮ್ಮನೆ ಕಾದೆ. ಮತ್ತೆ ಒಂದೆರಡು ಬಂದವು, ಮತ್ತೆ ಬಹಳ ಹೊತ್ತು ಏನೂ ಇಲ್ಲ. ನಿದ್ದೆ ಬರುವ ಹಾಗಾಯಿತು. "ಮುಂದಿನದು ಯಾವಾಗ ಶುರುಮಾಡ್ತೀರಿ" ಎಂದು ಕೇಳಿದೆ. ಆ ಹುಡುಗಿ, ಡಾಕ್ಟರಮ್ಮ, ನಿನ್ನ ತಂಗಿಯಷ್ಟು ವಯಸ್ಸಿನವಳು, ನನ್ನ ಭುಜದ ಮೇಲೆ ಕೈಯಿಟ್ಟು, "ಅದು ನಿಲ್ಲಲೇ ಇಲ್ಲಮ್ಮ. ಮುಗೀತು" ಎಂದಳು. ಕಾಗದದಲ್ಲಿ ಅಚ್ಚಾಗಿ ಬಂದದ್ದನ್ನು ತೋರಿಸಿದಳು. ಎಡಗಣ್ಣಿಗೆ ಎಡಪಕ್ಕವೆಲ್ಲ ಕಪ್ಪು, ಬಲಗಣ್ಣಿಗೆ ಬಲಪಕ್ಕವೆಲ್ಲ ಕಪ್ಪು. ನಡುವಿನದಷ್ಟೇ ಬೆಳ್ಳಗೆ ಉಳಿದಿತ್ತು.

ಆಮೇಲಿನದು ಬೇಗ ಬೇಗ ಆಯಿತು. ತಲೆಯ ಸ್ಕ್ಯಾನು ಮಾಡಿಸಿದರು. ಮೂಗಿನ ಹಿಂದೆ, ಮಿದುಳಿನ ತಳದಲ್ಲಿ ಒಂದು ಪುಟ್ಟ ಗ್ರಂಥಿ ಇದೆಯಂತೆ. ಅದರ ಮೇಲೆ ದ್ರಾಕ್ಷಿ ಹಣ್ಣಿನಷ್ಟು ಗಡ್ಡೆ ಬೆಳೆದಿದೆ. ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವುದು ಸರಿಯಾಗಿ ಅಲ್ಲೇ, ಗಡ್ಡೆ ಅವುಗಳ ಮೇಲೆ ಒತ್ತುತ್ತಿದೆ. ಮೈಯ ಶಕ್ತಿ, ನಿದ್ದೆ, ಹುರುಪು ಎಲ್ಲವನ್ನೂ ನೋಡಿಕೊಳ್ಳುವ ಗ್ರಂಥಿಯೂ ಅದೇ ಆದ್ದರಿಂದ ಆ ಸುಸ್ತು. ನಾನು ಸೋಮಾರಿಯಾಗಿರಲಿಲ್ಲ, ಮುದುಕಿಯೂ ಆಗಿರಲಿಲ್ಲ ಎಂದು ತಿಳಿದು ಮೊದಲು ಆದದ್ದು ಸಮಾಧಾನ. ಹೆದರಿಕೆ ಆಮೇಲೆ ಬಂತು. ಕ್ಯಾನ್ಸರ್ ಅಲ್ಲ ಎನ್ನುತ್ತಾರೆ, ಇದನ್ನು ಇನ್ನೊಂದು ಸಲ ಓದಿಕೋ. ತಲೆ ಸೀಳುವುದಿಲ್ಲ, ಮೂಗಿನ ಒಳಗಿನಿಂದಲೇ ಹೋಗಿ ತೆಗೆಯುತ್ತಾರಂತೆ. ಕಣ್ಣು ಮರಳಿ ಬರುತ್ತದೆಯೇ ಎಂದು ಕೇಳಿದೆ. ಬಹಳ ಜನರಿಗೆ ಬರುತ್ತದೆ, ಎಷ್ಟು ಎಂದು ಮುಂಚೆ ಹೇಳಲಾಗದು, ತಡಮಾಡಿದಷ್ಟೂ ಕಡಿಮೆ ಬರುತ್ತದೆ ಎಂದರು. ಈ ತಿಂಗಳ ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲಿನ ಮಂಗಳವಾರ ಆಪರೇಷನ್ನು.

ನೀನು ಬರಬೇಕಾಗಿಲ್ಲ. ಬೆಮಿಜಿಯಿಂದ ಅಕ್ಕ ಜಾನೆಲ್ ಬಂದು ನಿಲ್ಲುತ್ತಾಳೆ, ಅತ್ತೆಯನ್ನೂ ಅವಳೇ ನೋಡಿಕೊಳ್ಳುತ್ತಾಳೆ. ಅವರಿಬ್ಬರಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಾರೋ, ಅದು ಬೇರೆ ಮಾತು. ಡೋರೀನ್ ರಜೆ ಕೊಟ್ಟಿದ್ದಾಳೆ. ವಿಷಯ ಕೇಳಿ, "ನಾನು ಬರೀ ಮಾನಿಟರ್ ಕಳಿಸ್ತಾ ಇದ್ದೆನಲ್ಲ" ಎಂದಳು, ಪಾಪ. ಮಿಸೆಸ್ ಹಾಗ್‌ಲಂಡ್ ಸೇಬಿನ ಕಡುಬು ಕಳಿಸಿದ್ದಾರೆ, ಸ್ವಲ್ಪ ಸೀದಿದೆ. ನಿಮ್ಮ ಹಡಗಿನವರು ಹಬ್ಬದ ಊಟ ನಿನ್ನ ಕೈಯಿಂದಲೇ ಆಗಬೇಕೆಂದು ವರ್ಷವಿಡೀ ಕಾಯುತ್ತಾರೆ, ಅದು ನನಗೆ ಗೊತ್ತಿಲ್ಲದ್ದಲ್ಲ. ನನ್ನ ಅಪ್ಪ ತೀರಿಕೊಂಡಾಗ ನೀನು ನೀರಿನ ಮೇಲಿದ್ದೆ, ನೆಲಮಾಳಿಗೆಗೆ ನೀರು ನುಗ್ಗಿದಾಗ ನೀನು ನೀರಿನ ಮೇಲಿದ್ದೆ, ನಾನು ನಿಭಾಯಿಸಿದೆ. ಇದನ್ನು ದೂರು ಎಂದು ತಿಳಿಯಬೇಡ. ಹಡಗಿನವನನ್ನು ಮದುವೆಯಾಗುವಾಗಲೇ ಅದು ನನಗೆ ತಿಳಿದಿತ್ತು. ಜನವರಿಯಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ದಡಕ್ಕೆ ಬಂದಾಗ ನಿಧಾನವಾಗಿ ಬಾ. ಅಷ್ಟರಲ್ಲಿ ನಾನು ಎದ್ದು ಓಡಾಡುತ್ತಿರುತ್ತೇನೆ. ಹೊಲಿಗೆ ಕೋಣೆಯ ಮಾನಿಟರುಗಳು ಈಗಲೂ ಗೋಡೆಗೆ ಮುಖಮಾಡಿಯೇ ನಿಂತಿವೆ. ಅವುಗಳಿಂದ ತಪ್ಪೇನೂ ಆಗಿರಲಿಲ್ಲ. ಆದರೂ ಅವನ್ನು ತಿರುಗಿಸಲು ನನಗಿನ್ನೂ ಮನಸ್ಸಾಗಿಲ್ಲ.

ಮಂಡಿಗೆ ಪಟ್ಟಿ ಕಟ್ಟಿಕೋ. ಅಲೆ ಜೋರಿದ್ದಾಗ ಬಿಸಿ ಎಣ್ಣೆಯ ಗೊಡವೆಗೆ ಹೋಗಬೇಡ, ರೊಟ್ಟಿ ಬೆಣ್ಣೆ ತಿಂದರೆ ಅವರಾರೂ ಸಾಯುವುದಿಲ್ಲ. ಕ್ಯಾಪ್ಟನ್ನರಿಗೂ ನಿನ್ನ ಅಡುಗೆಮನೆಯ ಜೊತೆಗಾರನಿಗೂ ನನ್ನ ನಮಸ್ಕಾರ ತಿಳಿಸು. ಅತ್ತೆ ನಿನಗೆ ಏನೂ ಹೇಳಬೇಡ ಎಂದಿದ್ದಾರೆ, ಅಂದರೆ ಆಶೀರ್ವಾದ ಎಂದು ತಿಳಿದುಕೋ.

ಎಂದಿಗೂ ನಿನ್ನವಳೇ,
ಮಾರ್ಲಿಸ್

ಮರೆತದ್ದು: ಮೇಲಿನದನ್ನು ಬೆಳಗ್ಗೆ ಬರೆದೆ. ಈಗ ಊಟ ಆಗಿದೆ, ಬಾಯ್ಡ್ ಅಂಚೆಗೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬರಬೇಕಾಗಿಲ್ಲ ಎಂದು ಬರೆದದ್ದನ್ನು ಹೊಡೆದುಹಾಕು. ಊಟವಾಗಿ ಅತ್ತೆ ಸ್ವಲ್ಪ ಮಲಗಿದ ಮೇಲೆ ನಾನೇ ನಿಮ್ಮ ಹಡಗು ಕಂಪನಿಯ ಕಚೇರಿಗೆ ಫೋನು ಮಾಡಿದೆ. ನನ್ನ ಗಂಡನನ್ನು ಮನೆಗೆ ಕಳಿಸಿ, ನನಗೆ ಕಣ್ಣು ಕಾಣುತ್ತಿಲ್ಲ ಎಂದೆ. ಹೊರಗಿನವರ ಮುಂದೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ಹೆಂಗಸು ಒಳ್ಳೆಯವಳು. ಸೂ ಜಲದ್ವಾರದಲ್ಲಿ ಹಡಗು ನಮ್ಮ ಸರೋವರಕ್ಕೆ ಏರಿ ಬರುವಾಗ ಬದಲಿ ಅಡುಗೆಯವನು ಅಲ್ಲಿ ಕಾದಿರುತ್ತಾನೆ. ನೀನು ಗಂಟು ಕಟ್ಟಿಕೊಂಡು ಇಳಿ. ಬಸ್ಸು ಹುಡುಕಬೇಡ, ಬಾಯ್ಡ್ ಕಾರು ತರುತ್ತಾನೆ, ನಾನೂ ಬರುತ್ತೇನೆ, ಅತ್ತೆ ಬೈದರೂ ಬರುತ್ತೇನೆ. ಹೊರಗೆ ಬರುವ ಗೇಟಿನ ಎದುರಿಗೇ ನಿಂತಿರುತ್ತೇನೆ. ನೀನು ಯಾವಾಗಲೂ ಪಕ್ಕದಿಂದ ಬಂದು ಹೆಗಲು ಹಿಡಿಯುತ್ತೀಯಲ್ಲ, ಈ ಸಲ ಹಾಗೆ ಮಾಡಬೇಡ. ನೇರ ಎದುರಿನಿಂದ ನಡೆದು ಬಾ, ನೀನು ಬರುವುದನ್ನು ನಾನು ನೋಡಬೇಕು.